ಹೊಕ್ಕಿದ್ದೆಲ್ಲ ಹೊಂದುವುದಿಲ್ಲ

ಒಂದು ಕೋವಿಯ ತೋಟಾ ಇನ್ನೊಂದಕ್ಕೆ ಆದೀತೇ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಬೋರ್, ತೋಟಾದ ಉದ್ದ ಮತ್ತು ಅದು ಸಿಡಿದಾಗ ಹುಟ್ಟುವ ಒತ್ತಡ. ಇವುಗಳಲ್ಲಿ ಒಂದು ತಪ್ಪಿದರೂ ನಳಿಗೆ ಸೀಳಬಹುದು. ತೋಟಾ ಸಲೀಸಾಗಿ ಒಳಗೆ ಹೋಯಿತು ಎನ್ನುವುದು ಯಾವುದಕ್ಕೂ ಪುರಾವೆಯಲ್ಲ.

ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡು ಎರಕ ಹೊಯ್ದರೆ ಒಂದೊಂದರ ವ್ಯಾಸ ಸುಮಾರು 18.5 ಮಿ.ಮೀ. ಅದೇ 12 ಬೋರ್. ಇಪ್ಪತ್ತು ಗುಂಡಾದರೆ 20 ಬೋರ್, ಸುಮಾರು 15.6 ಮಿ.ಮೀ. ಸಂಖ್ಯೆ ಏರಿದಷ್ಟೂ ನಳಿಗೆ ಕಿರಿದು. 12 ಬೋರಿನ ಕೋವಿಗೆ ಕೈತಪ್ಪಿ 20 ಬೋರಿನ ತೋಟಾ ಹಾಕಿದರೆ ಅದು ತೋಟಾ ಕೂರುವ ಚೇಂಬರ್ ದಾಟಿ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಚೇಂಬರ್ ಖಾಲಿ. ಕೋವಿ ಬಾರಾಗಿಲ್ಲವೆಂದು 12 ಬೋರಿನ ತೋಟಾ ಹಾಕಿ ಕುದುರೆ ಎಳೆದರೆ ಮುಂದೆ ದಾರಿಯೇ ಇಲ್ಲ; ಎಡಗೈ ಹಿಡಿದಿರುವ ಜಾಗದಲ್ಲೇ ನಳಿಗೆ ಒಡೆಯುತ್ತದೆ. 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಅಪಾಯಕ್ಕಾಗಿಯೇ.

ಇನ್ನು ಉದ್ದ. ಪೆಟ್ಟಿಗೆಯ ಮೇಲೆ 70 ಮಿ.ಮೀ. ಎಂದಿದ್ದರೆ ಅದು ಸಿಡಿದು ಬಾಯಿಯ ಮಡಿಕೆ ಬಿಚ್ಚಿಕೊಂಡ ಮೇಲಿನ ಅಳತೆ; ಹೊಸ ತೋಟಾ ಅದಕ್ಕಿಂತ ಗಿಡ್ಡ. ಹಾಗಾಗಿ 76 ಮಿ.ಮೀ. ತೋಟಾ 70ರ ಚೇಂಬರಿನಲ್ಲಿ ತಕರಾರಿಲ್ಲದೆ ಕೂರುತ್ತದೆ. ಸಿಡಿದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ, ಚರೆ ಹೊರಡುವ ದಾರಿ ಕಿರಿದಾಗಿ ಒತ್ತಡ ಏರುತ್ತದೆ. 76ರ ಕೋವಿಯಲ್ಲಿ 70ರ ತೋಟಾ ಹಾರಿಸಬಹುದು, ತಿರುಗಿಸಿದರೆ ಆಗದು. ಕೊಡಗು, ಮಲೆನಾಡಿನ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಜೋಡುನಳಿಗೆಗಳಿಗೆ ಈ ಎಚ್ಚರ ಹೆಚ್ಚು ಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು 65 ಮಿ.ಮೀ.ಗೆ ಮಾಡಿದಂಥವು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ, ಮೈಮೇಲೆ ಸುರುಳಿ ಗೆರೆ ಕಾಣುವ ಡಮಾಸ್ಕಸ್ ನಳಿಗೆಗಳಲ್ಲಿ ಬಹಳಷ್ಟು ಕಪ್ಪು ಮದ್ದಿಗೆಂದೇ ತಯಾರಾದವು. ಬಲ್ಲ ಕಸುಬುದಾರರು ಪರೀಕ್ಷಿಸದೆ ಅವುಗಳಲ್ಲಿ ಈಗಿನ ತೋಟಾ ಹಾರಿಸಬಾರದು.

ರೈಫಲ್, ರಿವಾಲ್ವರುಗಳಲ್ಲಿ ಹೆಸರಿನ ಸಾಮ್ಯವೇ ಮೋಸ ಮಾಡುತ್ತದೆ. ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಬಳಕೆಯಾಗುವ .22 ರೈಫಲ್ಲಿನ ತೋಟಾ ಲಾಂಗ್ ರೈಫಲ್. .22 ಮ್ಯಾಗ್ನಮ್ ತೋಟಾದ ಹಿತ್ತಾಳೆ ಕೊಳವೆ ಅದಕ್ಕಿಂತ ದಪ್ಪ. ಮ್ಯಾಗ್ನಮ್ ಚೇಂಬರಿನಲ್ಲಿ ಲಾಂಗ್ ರೈಫಲ್ ಹಾರಿಸಿದರೆ ಸಡಿಲವಾಗಿ ಕೂತ ಹಿತ್ತಾಳೆ ಬಿರಿದು, ಬಿಸಿ ಅನಿಲ ಮುಖದತ್ತ ನುಗ್ಗಬಹುದು. .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಗುಂಡುಗಳ ವ್ಯಾಸ ಒಂದೇ, ಒತ್ತಡ ಮಾತ್ರ ಎರಡನೆಯದರಲ್ಲಿ ಸುಮಾರು ಇಮ್ಮಡಿ. 1930ರ ದಶಕದಲ್ಲಿ .357 ಬಂದಾಗ, ಹಳೆಯ ರಿವಾಲ್ವರಿಗೆ ಅದು ಹೋಗದಿರಲೆಂದೇ ಕೊಳವೆಯನ್ನು ಮೂರು ಮಿಲಿಮೀಟರಿಗೂ ತುಸು ಹೆಚ್ಚು ಉದ್ದ ಮಾಡಿದರು. .357ರಲ್ಲಿ .38 ಸ್ಪೆಷಲ್ ಹಾರಿಸಬಹುದು; .38ರಲ್ಲಿ .357 ಕೂಡದು.

ಬಾರು ಮಾಡುವ ಮುನ್ನ ನಳಿಗೆಯ ಮೇಲೆ ಕೆತ್ತಿದ ಬೋರ್ ಮತ್ತು ಉದ್ದವನ್ನು ಓದಿ, ತೋಟಾದ ತಳದ ಬರಹ ಮತ್ತು ಪೆಟ್ಟಿಗೆಯ ಮೇಲಿನ ಅಳತೆಯೊಡನೆ ತಾಳೆ ನೋಡಬೇಕು. ಎರಡು ಬೋರಿನ ತೋಟಾಗಳನ್ನು ಒಂದೇ ಜೇಬಿನಲ್ಲಿ ಇಡಲೇಬಾರದು. ಕೆತ್ತನೆ ಸವೆದು ಓದಲಾಗದಿದ್ದರೆ, ಚೇಂಬರ್ ಅಳತೆ ಮಾಡಿಸುವವರೆಗೆ ಆ ಕೋವಿಗೆ ಯಾವ ತೋಟಾವೂ ಸಲ್ಲದು.