ಕೆಮ್ಮಣ್ಣು, ಅಕ್ಕಿ, ಪುಂಡಿ ನಾರು

ಮನೆ ಚೆಂದ ಕಾಣಬೇಕಾದರೆ ಕೈತುಂಬ ದುಡ್ಡು ಬೇಕು ಎನ್ನುವವರು ಒಮ್ಮೆ ಸಾಗರ ಸೀಮೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ನೋಡಬೇಕು. ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಹೆಂಗಸರು ಬರೆಯುವ ಈ ಚಿತ್ತಾರಕ್ಕೆ ಅಂಗಡಿಯಿಂದ ತರಬೇಕಾದದ್ದು ಹೆಚ್ಚೇನೂ ಇಲ್ಲ. ನೆನೆಸಿ ಅರೆದ ಅಕ್ಕಿಯೇ ಬಿಳಿ ಬಣ್ಣ. ಅದೇ ಅಕ್ಕಿಯನ್ನು ಕಪ್ಪಾಗುವಂತೆ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚವೋ, ಪುಂಡಿ ನಾರಿನದು.

ನನಗೆ ಬೆರಗು ಹುಟ್ಟಿಸುವುದು ಗೆರೆ. ಅಳತೆಪಟ್ಟಿಯಿಲ್ಲ, ಪೆನ್ಸಿಲ್ ಗುರುತಿಲ್ಲ. ಆದರೂ ಎಳೆ ಪಕ್ಕ ಎಳೆ ಒಂದನ್ನೊಂದು ಮುಟ್ಟದೆ ಸಾಗುತ್ತದೆ. ಚೌಕ, ತ್ರಿಕೋನ, ಅವುಗಳ ನಡುವೆ ಕಡ್ಡಿಯಂಥ ಕೈಕಾಲಿನ ಮದುಮಕ್ಕಳು. ಮದುವೆಯಲ್ಲಿ ನಿಜವಾದ ಮದುಮಕ್ಕಳು ಕೂರುವುದೂ ಈ ಚಿತ್ತಾರದ ಮುಂದೆಯೇ. ನಾಲ್ಕೇ ಬಣ್ಣವಾದ್ದರಿಂದ ಗೋಡೆ ಗದ್ದಲ ಮಾಡುವುದಿಲ್ಲ. ಹಣ ಸುರಿದ ಎಷ್ಟೋ ಡ್ರಾಯಿಂಗ್ ರೂಮುಗಳಿಗೆ ಈ ಸಂಯಮ ದಕ್ಕಿಲ್ಲ, ಬಿಡಿ.

ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ, ಅಂದರೆ ಭೂಮಿಗೆ ಬೀರುವ ಎಡೆ, ಒಯ್ಯುವ ಬುಟ್ಟಿಗೂ ಇದೇ ಅಲಂಕಾರ. ಬುಟ್ಟಿಗೆ ಕೆಮ್ಮಣ್ಣು ಸವರಿ, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಗೆರೆ. ಬಾಡಿಗೆ ಮನೆಯ ಗೋಡೆ ಮುಟ್ಟಲು ಓನರ್ ಬಿಡದಿದ್ದರೆ ಇಂಥದೊಂದು ಬುಟ್ಟಿ ಸಾಕು. ಕಿಟಕಿ ಪಕ್ಕ ಇಟ್ಟು ಈರುಳ್ಳಿ ತುಂಬಿದರೂ ನಡೆಯುತ್ತದೆ. ಕೊಳ್ಳುವಾಗ ಮಾತ್ರ ಚೌಕಾಸಿ ಬೇಡ. ಸಾಮಾನು ಅಗ್ಗವೇ ಹೊರತು ಆ ಗೆರೆ ಎಳೆಯುವ ಕೈ ಅಗ್ಗವಲ್ಲ.