ಗೆರೆಯ ಆಚೆ ಹಾನಗಲ್ಲು

ಕರ್ನಾಟಕವನ್ನು ಹತ್ತು ಕೃಷಿ-ಹವಾಮಾನ ವಲಯಗಳಾಗಿ ವಿಂಗಡಿಸಿರುವ ನಕ್ಷೆಯಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳು ಎಂಟನೆಯದಾದ ಉತ್ತರ ಸಂಕ್ರಮಣ ವಲಯಕ್ಕೂ, ನೆರೆಯ ಹಾನಗಲ್ಲು ಮಾತ್ರ ಒಂಬತ್ತನೆಯದಾದ ಗುಡ್ಡಗಾಡು ವಲಯಕ್ಕೂ ಸೇರಿರುವುದನ್ನು ಕಂಡವರಿಗೆ, ಈ ಗೆರೆಯನ್ನೆಳೆದವರು ಯಾವುದನ್ನು ಅಳೆದರು, ಯಾವುದನ್ನು ಬಿಟ್ಟರು ಎಂಬ ಜಿಜ್ಞಾಸೆ ಸಹಜವಾಗಿಯೇ ಹುಟ್ಟುತ್ತದೆ.

ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲು ಪ್ರಕಟಿಸಿದ ಸಸ್ಯಸಹಿಷ್ಣುತೆಯ ನಕ್ಷೆಗೆ ಈ ಕ್ಲೇಶವಿಲ್ಲ. ವರ್ಷದ ಅತಿ ಚಳಿಯ ರಾತ್ರಿಯಲ್ಲಿ ಉಷ್ಣಮಾನ ಸರಾಸರಿ ಎಷ್ಟಕ್ಕಿಳಿಯುವುದೆಂಬ ಒಂದೇ ಪ್ರಮಾಣವನ್ನು ನೆಚ್ಚಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೊಂದರಂತೆ ಅದು ವಲಯಗಳನ್ನು ಎಣಿಸುತ್ತದೆ. ಕಡಲಿನ ಕೃಪೆಯಿಂದ ಚಳಿಗಾಲ ಸೌಮ್ಯವಾಗಿರತಕ್ಕ ಬ್ರಿಟನ್ನಿನಲ್ಲಿಯೇ ಈ ಸಂಖ್ಯೆ ತೋಟಗಾರನನ್ನು ದಾರಿತಪ್ಪಿಸುವುದುಂಟು. ಗಿಡ ಚಳಿಗೆ ಸಾಯದಿದ್ದರೂ ಬೇಸಗೆಯ ಕಾವು ಸಾಲದೆ ಅದರ ಕಾಯಿ ಹಣ್ಣಾಗದು. ನಮ್ಮ ಸೀಮೆಯಲ್ಲಂತೂ ಚಳಿಯ ಪ್ರಶ್ನೆಯೇ ಅಪ್ರಸ್ತುತ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಬೆಳೆದ ಆಫ್ರಿಕಾ ಮೂಲದ ಮಹಾವೃಕ್ಷಗಳು ಕಾಂಡದಲ್ಲಿ ನೀರನ್ನಡಗಿಸಿಕೊಂಡು, ಎಲೆಯುದುರಿಸಿ, ತಿಂಗಳುಗಟ್ಟಲೆ ಬರವನ್ನು ಸಹಿಸಬಲ್ಲ ಜಾತಿಯವು. ಅದೇ ಸವಣೂರಿಗೆ ಹೆಸರು ತಂದ ಎಲೆಬಳ್ಳಿಯೋ ನೆರಳನ್ನೂ ಸದಾ ತೇವವನ್ನೂ ಬೇಡುವ ಸುಕುಮಾರಿ. ಚಳಿಯ ನಕ್ಷೆಯ ದೃಷ್ಟಿಯಲ್ಲಿ ಇವೆರಡಕ್ಕೂ ಭೇದವಿಲ್ಲ.

ಆದುದರಿಂದ ಮಳೆಯ ಪ್ರಮಾಣ ಮತ್ತು ಹಂಚಿಕೆ, ಮಣ್ಣು, ಎತ್ತರ, ರೂಢಿಯ ಬೆಳೆ ಇವನ್ನೆಲ್ಲ ಕೂಡಿಸಿ ನೋಡಿದ ನಮ್ಮ ವಿಂಗಡಣೆ ಹೆಚ್ಚು ವಿವೇಕದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ. ದೋಷವಿರುವುದು ತಾಲ್ಲೂಕಿನ ಗಡಿಯನ್ನೇ ಹವೆಯ ಗಡಿಯೆಂದು ಭಾವಿಸಿದುದರಲ್ಲಿ. ಒಂಬತ್ತನೆಯ ವಲಯದ ವಾರ್ಷಿಕ ಮಳೆ ಸುಮಾರು 904ರಿಂದ 3,695 ಮಿಲಿಮೀಟರ್, ಎಂಟನೆಯದರದು 619ರಿಂದ 1,303 ಎಂದು ಕೋಷ್ಟಕಗಳು ಹೇಳುತ್ತವೆ. ಇಷ್ಟು ವಿಶಾಲವಾದ ಚೀಲದೊಳಗೆ ಹಾನಗಲ್ಲು ಶೃಂಗೇರಿ, ಮಡಿಕೇರಿಗಳ ಸಂಗಡಿಗನಾಗುತ್ತದೆ, ಮಗ್ಗುಲಿನ ಶಿಗ್ಗಾಂವಿಗೆ ಪರಕೀಯವಾಗುತ್ತದೆ. ಆದರೆ ಮುಂಗಾರಿನ ಮೊದಲ ಹದಕ್ಕೆ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿ ಈ ಎರಡು ತಾಲ್ಲೂಕುಗಳಿಗೂ ಸಮಾನವಾದುದು. ರೈತನು ರೋಹಿಣಿ, ಮೃಗಶಿರಗಳನ್ನೆಣಿಸುವಾಗ ಯಾವ ವಲಯದಲ್ಲಿ ನಿಂತಿದ್ದೇನೆಂದು ಕೇಳುವುದಿಲ್ಲ. ಘಟ್ಟವನ್ನು ದಾಟಿ ಬಂದ ಮಳೆ ಪೂರ್ವಕ್ಕೆ ಸರಿದಂತೆ ಕ್ರಮೇಣ ಕೃಶವಾಗುತ್ತದೆ, ಪಶ್ಚಿಮದ ಕೆಮ್ಮಣ್ಣು ಸವಣೂರಿನತ್ತ ಎರೆಭೂಮಿಗೆ ಎಡೆಗೊಡುತ್ತದೆ. ಇದು ಇಳಿಜಾರೇ ಹೊರತು ಗೋಡೆಯಲ್ಲ.

ಈಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲೇ ಮಳೆಮಾಪಕಗಳನ್ನು ಸ್ಥಾಪಿಸಿರುವಾಗ, ತಾಲ್ಲೂಕನ್ನು ಅಖಂಡವೆಂದೆಣಿಸುವ ಅನಿವಾರ್ಯತೆ ಉಳಿದಿಲ್ಲ. ಹೀಗೆ ಗೆರೆಯನ್ನು ಸೂಕ್ಷ್ಮಗೊಳಿಸಿದರೂ ಕೊಳವೆಬಾವಿಯ ವಿಚಾರ ಬೇರೆಯೇ ನಿಲ್ಲುತ್ತದೆ. ಹಾನಗಲ್ಲು, ಹಿರೇಕೆರೂರುಗಳ ಭತ್ತ, ಗೋವಿನಜೋಳದ ಹೊಲಗಳಲ್ಲಿ ಅಡಕೆತೋಟಗಳು ಏಳುತ್ತಿರುವುದು ಆಕಾಶದ ನೀರನ್ನು ನಂಬಿಯಲ್ಲ, ಪಾತಾಳದ ನೀರನ್ನು ನಂಬಿ. ಆ ನೀರಿನ ಆಳಕ್ಕೆ ನಕ್ಷೆಯಲ್ಲಿ ಅಂಕಣವಿಲ್ಲ. ವಲಯದ ಹೆಸರನ್ನು ನೋಡಿ ಅಡಕೆಸಸಿ ತರುವವನು ಮೊದಲು ಕೇಳಬೇಕಾದುದು ನೆರೆಹೊಲದ ಬಾವಿ ಕಳೆದ ಬೇಸಗೆಯಲ್ಲಿ ಯಾವ ತಿಂಗಳು ಬತ್ತಿತೆಂಬುದನ್ನು.