ಅರಿವು, ಅಭ್ಯಾಸ, ಆವರಣ: ಕ್ಯಾನ್ಸರ್ ನಿವಾರಣೆಯ ವರ್ತನಾ ಸಂಶೋಧನೆಯನ್ನು ಕುರಿತು ಒಂದು ವಿಮರ್ಶೆ

ಒಳಿತನ್ನು ಬಲ್ಲವನು ಒಳಿತನ್ನೇ ಮಾಡುವನೆಂಬ ನಂಬಿಕೆ ಹಳೆಯದು. ಬಲ್ಲವನೂ ಅನೇಕ ವೇಳೆ ಮಾಡಲಾರನೆಂಬ ಅನುಭವವೂ ಅಷ್ಟೇ ಹಳೆಯದು. ಇವೆರಡರ ನಡುವಣ ಅಂತರವನ್ನು ಅಳೆದು, ಸಾಧ್ಯವಾದರೆ ಕಿರಿದುಮಾಡಲು ಹೊರಟಿರುವುದೇ ಆರೋಗ್ಯಕ್ಕೆ ಸಂಬಂಧಿಸಿದ ವರ್ತನಾ ಸಂಶೋಧನೆ. ಹೊಗೆಸೊಪ್ಪು, ಮದ್ಯ, ಆಹಾರ, ದೇಹಶ್ರಮ ಇವುಗಳ ವಿಷಯದಲ್ಲಿ ಜನರು ತಮ್ಮ ರೂಢಿಯನ್ನು ತಿದ್ದಿಕೊಂಡರೆ ಕ್ಯಾನ್ಸರಿನ ಒಂದು ದೊಡ್ಡ ಪಾಲನ್ನು ತಡೆಯಬಹುದೆಂಬುದನ್ನು ಇಂದು ತಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಆ ತಿದ್ದುಪಡಿ ಹೇಗೆ ಬರುತ್ತದೆ, ಅದರ ಹೊಣೆ ಯಾರದು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಈ ಕ್ಷೇತ್ರದ ಕೆಲವು ಪ್ರಮುಖ ಸಿದ್ಧಾಂತಗಳನ್ನೂ ಪ್ರಯೋಗಗಳನ್ನೂ ಪರಿಶೀಲಿಸಿ, ಅವುಗಳ ಬೆಲೆಯನ್ನು ನಿರ್ಣಯಿಸುವುದು ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ಅರಿವಿನ ಮಾತು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರೂ, ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಮ್ ಅವರೂ 1950ರಲ್ಲಿ ಪ್ರಕಟಪಡಿಸಿದರು. ಮರುವರ್ಷ, 1951ರಲ್ಲಿ, ಡಾಲ್ ಮತ್ತು ಹಿಲ್ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿಯನ್ನು ಕಳುಹಿಸಿ, ಉತ್ತರಿಸಿದ ಪುರುಷ ವೈದ್ಯರಲ್ಲಿ 34,439 ಮಂದಿಯ ಜೀವನವನ್ನು ಅನುಸರಿಸಲು ತೊಡಗಿದರು. ಐವತ್ತು ವರ್ಷಗಳ ಫಲಿತಾಂಶ 2004ರಲ್ಲಿ ಹೊರಬಂದಿತು. ಅದರಂತೆ, 60, 50, 40, 30ನೆಯ ವಯಸ್ಸಿನಲ್ಲಿ ಸಿಗರೇಟನ್ನು ತ್ಯಜಿಸಿದವರಿಗೆ ಕ್ರಮವಾಗಿ ಸುಮಾರು 3, 6, 9, 10 ವರ್ಷಗಳ ಆಯುಸ್ಸು ಉಳಿಯುತ್ತದೆ. ರೂಢಿಯನ್ನು ಬಿಟ್ಟರೆ ಲಾಭವುಂಟು, ಬೇಗ ಬಿಟ್ಟಷ್ಟೂ ಲಾಭ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ. ಆದರೆ ಇದು ಬಿಟ್ಟರೆ ಏನಾಗುತ್ತದೆಂಬುದನ್ನು ಹೇಳುತ್ತದೆಯೇ ಹೊರತು, ಬಿಡುವುದು ಹೇಗೆಂಬುದನ್ನು ಹೇಳುವುದಿಲ್ಲ. ಆ ಎರಡನೆಯ ಪ್ರಶ್ನೆ ವರ್ತನಾಶಾಸ್ತ್ರಜ್ಞರ ಪಾಲಿಗೆ ಬಂದಿತು.

ಅವರ ಮೊದಲ ಉತ್ತರ 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ರೂಪುಗೊಂಡ ‘ಆರೋಗ್ಯ ವಿಶ್ವಾಸ’ ಸಿದ್ಧಾಂತ. ಕ್ಷಯರೋಗದ ಪತ್ತೆಗಾಗಿ ಎದೆಯ ಕ್ಷಕಿರಣ ಪರೀಕ್ಷೆಯನ್ನು ಏರ್ಪಡಿಸಿದರೂ ಜನರೇಕೆ ಬರುವುದಿಲ್ಲ ಎಂಬ ಪ್ರಶ್ನೆಯಿಂದ ಹೊರಟ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರು, ರೋಗ ತನಗೆ ಬಂದೀತೆಂಬ ಭಾವನೆ, ಬಂದರೆ ಅದು ಉಗ್ರವೆಂಬ ಭಾವನೆ, ಕ್ರಮ ಕೈಗೊಂಡರೆ ಪ್ರಯೋಜನವಿದೆಯೆಂಬ ನಂಬಿಕೆ, ದಾರಿಯಲ್ಲಿ ಕಾಣುವ ಅಡ್ಡಿಗಳು ಇವುಗಳ ತೂಕದಿಂದ ಮನುಷ್ಯನ ನಡತೆ ನಿರ್ಧಾರವಾಗುತ್ತದೆಂದು ಹೇಳಿದರು. ಎರಡನೆಯ ಉತ್ತರ 1983ರಲ್ಲಿ ಪ್ರೊಚಾಸ್ಕ ಮತ್ತು ಡಿಕ್ಲಿಮೆಂಟೆ ಅವರಿಂದ ಪ್ರಸಿದ್ಧಿಗೆ ಬಂದ ‘ಹಂತ’ಗಳ ಸಿದ್ಧಾಂತ. ಬದಲಾವಣೆಯ ಯೋಚನೆಯೇ ಇಲ್ಲದ ಸ್ಥಿತಿ, ಯೋಚನೆ, ಸಿದ್ಧತೆ, ಕಾರ್ಯ, ಸ್ಥಿರತೆ ಎಂಬ ಐದು ಮೆಟ್ಟಿಲುಗಳನ್ನು ಮನುಷ್ಯನು ಏರುತ್ತಾನೆ. ಯಾವ ಮೆಟ್ಟಿಲಿನಲ್ಲಿ ನಿಂತಿದ್ದಾನೆಂಬುದನ್ನು ತಿಳಿದು ಅದಕ್ಕೆ ತಕ್ಕ ಉಪದೇಶವನ್ನು ಕೊಡಬೇಕು ಎಂಬುದು ಇದರ ಸಾರ.

ಈ ಸಿದ್ಧಾಂತಗಳ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಮೊದಲನೆಯದು ‘ಅಡ್ಡಿ’ ಎಂಬ ಮಾತನ್ನು ಲೆಕ್ಕಕ್ಕೆ ತಂದಿತು. ಎರಡನೆಯದು ಬಿಡಲಾರದವನನ್ನು ಹಠಮಾರಿಯೆಂದು ಜರೆಯುವ ಚಾಳಿಯನ್ನು ತಪ್ಪಿಸಿ, ಮರಳಿ ಜಾರುವುದೂ ಬದಲಾವಣೆಯ ದಾರಿಯಲ್ಲಿ ಸಹಜವೆಂದು ತೋರಿಸಿತು. ವೈದ್ಯನ ಕೊಠಡಿಯಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಹಂತಗಳ ಗೆರೆಗಳನ್ನು ಆರು ತಿಂಗಳು, ಮೂವತ್ತು ದಿನ ಎಂದು ಎಳೆದಿರುವುದಕ್ಕೆ ಆಧಾರವೇನು? ಮುಂದಿನ ತಿಂಗಳು ಬಿಡುತ್ತೇನೆಂದವನು ಒಂದು ಮೆಟ್ಟಿಲಿನಲ್ಲಿಯೂ, ಅದಕ್ಕೆ ಹತ್ತು ದಿನ ತಡವಾಗಿ ಬಿಡುತ್ತೇನೆಂದವನು ಇನ್ನೊಂದರಲ್ಲಿಯೂ ಇದ್ದಾರೆನ್ನುವುದು ಪಂಚಾಂಗದ ವಿಭಾಗವಾದೀತೇ ಹೊರತು ಮನಸ್ಸಿನ ವಿಭಾಗವಾಗಲಾರದು. ಯಾವ ಸಿದ್ಧತೆಯೂ ಇಲ್ಲದೆ ಒಂದು ಬೆಳಗ್ಗೆ ಬೀಡಿಯ ಕಟ್ಟನ್ನು ಎಸೆದು ಮತ್ತೆ ಮುಟ್ಟದವರೂ ಲೋಕದಲ್ಲಿದ್ದಾರೆ. 2005ರಲ್ಲಿ ರಾಬರ್ಟ್ ವೆಸ್ಟ್ ಅವರು ಈ ಸಿದ್ಧಾಂತವನ್ನು ಕೈಬಿಡುವ ಕಾಲ ಬಂದಿದೆಯೆಂದು ನೇರವಾಗಿಯೇ ಬರೆದರು. ಅವರ ಮಾತು ಕಟುವೆನಿಸಿದರೂ ನಿರಾಧಾರವೆಂದು ನಮಗೆ ತೋರುವುದಿಲ್ಲ.

ಎರಡು ಸಿದ್ಧಾಂತಗಳಿಗೂ ಸಮಾನವಾದ ದೋಷ ಇನ್ನೊಂದುಂಟು. ಇವು ರೂಢಿಯ ನೆಲೆಯನ್ನು ಮುಖ್ಯವಾಗಿ ವ್ಯಕ್ತಿಯ ಮನಸ್ಸಿನಲ್ಲಿ ಹುಡುಕುತ್ತವೆ. ಹಾಗೆ ಹುಡುಕಿದ್ದರ ಮಿತಿಯನ್ನು ಒಂದು ದೊಡ್ಡ ಪ್ರಯೋಗ ಬಯಲುಮಾಡಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ಒಂದಕ್ಕೊಂದು ಹೋಲುವ ಹನ್ನೊಂದು ಜೊತೆ ಊರುಗಳನ್ನು ಆಯ್ದು, ಪ್ರತಿ ಜೊತೆಯಲ್ಲಿ ಒಂದು ಊರಿಗೆ 1989ರಿಂದ 1992ರವರೆಗೆ ಧೂಮಪಾನ ತ್ಯಾಗದ ವ್ಯಾಪಕ ಪ್ರಚಾರವನ್ನು ನೀಡಿ, ಇನ್ನೊಂದನ್ನು ಹೋಲಿಕೆಗೆ ಇಟ್ಟುಕೊಂಡರು. ‘ಕಮಿಟ್’ ಎಂದು ಹೆಸರಾದ ಈ ಪ್ರಯೋಗದ ಮುಖ್ಯ ಗುರಿ ದಿನಕ್ಕೆ 25 ಅಥವಾ ಹೆಚ್ಚು ಸಿಗರೇಟು ಸೇದುವವರು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಂಥವರಲ್ಲಿ ಬಿಟ್ಟವರು ಪ್ರಚಾರ ನಡೆದ ಊರುಗಳಲ್ಲಿ ಶೇಕಡ 18.0, ನಡೆಯದ ಊರುಗಳಲ್ಲಿ ಶೇಕಡ 18.7. ಎಂದರೆ ಪ್ರಚಾರದಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಅದಕ್ಕಿಂತ ಕಡಿಮೆ ಸೇದುವವರಲ್ಲಿ ಮಾತ್ರ ಶೇಕಡ 30.6 ಮತ್ತು 27.5 ಎಂಬ ಅಲ್ಪ, ಆದರೆ ನಿಜವಾದ, ಅಂತರ ದೊರೆಯಿತು. ಇಲ್ಲಿ ಅಧ್ಯಾಪಕವರ್ಗದವರಾದ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ: ಈ ಎರಡನೆಯ ಗುಂಪಿನಲ್ಲಿ ಪ್ರಚಾರಕ್ಕೆ ಹೆಚ್ಚು ಓಗೊಟ್ಟವರು ಕಾಲೇಜು ಶಿಕ್ಷಣ ಪಡೆದವರಲ್ಲ, ಕಡಿಮೆ ಓದಿದವರು. ಅಜ್ಞಾನಿಗಳು ಉಪದೇಶವನ್ನು ಕೇಳರು ಎಂಬ ನಮ್ಮ ವರ್ಗದ ಸುಲಭವಾದ ನಂಬಿಕೆಗೆ ಇದು ಒಳ್ಳೆಯ ಪೆಟ್ಟು.

ಈ ಫಲಿತಾಂಶವನ್ನು ವರ್ತನಾಶಾಸ್ತ್ರದ ಸೋಲೆಂದು ಸಾರುವುದು ಆತುರದ ಮಾತು. ವ್ಯಸನ ಗಾಢವಾದಲ್ಲಿ ಮಾತಿನ ಬಲ ಸಾಲದೆಂಬುದನ್ನೂ, ಹೋಲಿಕೆಯ ಊರುಗಳಲ್ಲಿಯೂ ಅದೇ ಕಾಲದಲ್ಲಿ ಜನ ಸಿಗರೇಟನ್ನು ಬಿಡುತ್ತಲೇ ಇದ್ದರೆಂಬುದನ್ನೂ ಅದು ತೋರಿಸುತ್ತದೆ. ಅವರನ್ನು ಬಿಡಿಸಿದ್ದು ಪ್ರಯೋಗದ ಕರಪತ್ರವಲ್ಲವಾದರೆ ಮತ್ತೇನು ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ದೇಶದ ಅಧ್ಯಯನಗಳು ಈ ಪ್ರಶ್ನೆಗೆ ಬೇರೊಂದು ದಿಕ್ಕಿನಿಂದ ಬೆಳಕು ಬೀರುತ್ತವೆ. ಕೇರಳದ ಎರ್ನಾಕುಳಂ, ಗುಜರಾತಿನ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ ಹೊಗೆಸೊಪ್ಪು ಬಳಸುವ ಸುಮಾರು 36,000 ಮಂದಿಯನ್ನು ಗುಪ್ತ, ಮೆಹ್ತಾ, ಪಿಂಡ್‌ಬೋರ್ಗ್ ಮೊದಲಾದವರು ಅನುಸರಿಸಿ, 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಾಯಿಯನ್ನು ಪರೀಕ್ಷಿಸುತ್ತ, ಆಯಾ ಪ್ರದೇಶದ ರೂಢಿಗೆ ತಕ್ಕ ಮಾತಿನಲ್ಲಿ ತಿಳಿವಳಿಕೆ ಹೇಳಿದಾಗ, ರೂಢಿಯನ್ನು ಬಿಟ್ಟವರೂ ಕಡಿಮೆ ಮಾಡಿದವರೂ ಹೆಚ್ಚಾದರು. ಕ್ಯಾನ್ಸರಿಗೆ ಮುನ್ಸೂಚನೆಯಾದ ಬಾಯಿಯ ಬಿಳಿ ಮಚ್ಚೆಗಳು ಹೊಸದಾಗಿ ಹುಟ್ಟುವುದೂ ಇಳಿಯಿತು. ಜನರ ಹೇಳಿಕೆಯನ್ನೇ ನಂಬದೆ ದೇಹದ ಸಾಕ್ಷಿಯನ್ನೂ ಕೇಳಿದ್ದು ಈ ಅಧ್ಯಯನದ ಹಿರಿಮೆ. ಹೋಲಿಕೆಯ ತಂಡವನ್ನು ಅದೇ ಪ್ರದೇಶಗಳಲ್ಲಿ ಹಿಂದೆ ನಡೆದ ಅಧ್ಯಯನದಿಂದ ತೆಗೆದುಕೊಂಡಿದ್ದರಿಂದ, ಕಾಲದ ಪ್ರಭಾವವನ್ನು ಉಪದೇಶದ ಪ್ರಭಾವದಿಂದ ಪೂರ್ಣವಾಗಿ ಬೇರ್ಪಡಿಸಲಾಗದೆ ಹೋದದ್ದು ಅದರ ಕೊರತೆ.

ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಸಂಶೋಧಕರು ಕೋಲಾರ ಜಿಲ್ಲೆಯ 117 ಹಳ್ಳಿಗಳಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿದೆ. ಇಲ್ಲಿ ಹೋಲಿಕೆಯ ಪ್ರದೇಶಗಳನ್ನು ಅದೇ ಕಾಲದಲ್ಲಿ ಇಟ್ಟುಕೊಂಡಿದ್ದರು. ತಿಳಿವಳಿಕೆ ನೀಡಿದ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬಳಕೆ ಗಮನಾರ್ಹವಾಗಿ ತಗ್ಗಿತು; ಆ ಇಳಿಕೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿತ್ತು. ಈ ವ್ಯತ್ಯಾಸದ ಕಾರಣವನ್ನು ಅರಿಯಲು ಪ್ರಶ್ನಾವಳಿ ಸಾಲದು. ಹೆಂಗಸರು ಬಹುಮಟ್ಟಿಗೆ ಎಲೆ ಅಡಿಕೆಯೊಡನೆ ಹೊಗೆಸೊಪ್ಪನ್ನು ಅಗಿಯುವವರು. ಗಂಡಸರಿಗೆ ಬೀಡಿ ಅಂಗಡಿಯ ಜಗಲಿಯೂ ಹೊಲದ ಬದುವೂ ಕೂಡಿ ಸೇದುವ ತಾಣಗಳು. ರೂಢಿಯ ಹಿಂದೆ ಯಾವ ಒಡನಾಟವಿದೆಯೋ ಅದನ್ನು ಕಾಣದವನಿಗೆ ರೂಢಿಯೂ ಪೂರ್ಣವಾಗಿ ಕಾಣದು.

ಭಾಷೆಯ ತೊಡಕೂ ಇದೆ. ‘ನೀವು ತಂಬಾಕು ಬಳಸುತ್ತೀರಾ?’ ಎಂದು ಕೇಳಿದರೆ ಇಲ್ಲವೆನ್ನುವ ಅಜ್ಜಿ, ಎಲೆ ಅಡಿಕೆಗೆ ಏನೇನು ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ ಕಡ್ಡಿಪುಡಿಯ ಹೆಸರನ್ನು ಸಂಕೋಚವಿಲ್ಲದೆ ಹೇಳಿಯಾಳು. ಆಕೆ ಸುಳ್ಳು ಹೇಳಿದವಳಲ್ಲ. ಪ್ರಶ್ನೆಯೇ ಆಕೆಯ ಮನೆಯ ಮಾತಿನಲ್ಲಿರಲಿಲ್ಲ. ಪರದೇಶದ ಪ್ರಶ್ನಾವಳಿಗಳನ್ನು ಅಕ್ಷರಶಃ ಅನುವಾದಿಸಿ ಹಂಚುವ ನಮ್ಮ ವಿಭಾಗಗಳ ಪದ್ಧತಿಯನ್ನು ಈ ಕಾರಣಕ್ಕಾಗಿಯೇ ನಾವು ಆಕ್ಷೇಪಿಸುತ್ತೇವೆ.

ಇನ್ನು ಆವರಣದ ವಿಚಾರ. ಭಾರತದಲ್ಲಿ 2003ರಲ್ಲಿ ತಂಬಾಕು ನಿಯಂತ್ರಣದ ಕಾಯಿದೆ ಬಂದಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. 2016ರಿಂದ ಪೊಟ್ಟಣದ ಶೇಕಡ 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಕಡ್ಡಾಯವಾಯಿತು. ರಾಷ್ಟ್ರೀಯ ಸಮೀಕ್ಷೆಗಳಂತೆ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009–10ರಲ್ಲಿ ಶೇಕಡ 34.6 ಇದ್ದದ್ದು 2016–17ರಲ್ಲಿ ಶೇಕಡ 28.6ಕ್ಕೆ ಇಳಿಯಿತು. ಈ ಇಳಿಕೆಯ ಕೀರ್ತಿಯನ್ನು ಯಾವುದಾದರೊಂದು ಕ್ರಮಕ್ಕೆ ಕಟ್ಟುವುದು ಸಾಧುವಲ್ಲ. ಆದರೂ ಬೆಲೆ, ಕಾನೂನು, ಅಂಗಡಿಯ ಸಾಮೀಪ್ಯ, ನೆರೆಯವರ ನಡತೆ ಇವು ಒಟ್ಟಾಗಿ ಬದಲಾದಾಗ ವ್ಯಕ್ತಿಯ ಸಂಕಲ್ಪಕ್ಕೆ ಆಸರೆ ದೊರೆಯುತ್ತದೆಂದು ತಿಳಿಯಲು ಅಡ್ಡಿಯಿಲ್ಲ.

ಹಾಗಾದರೆ ಮನುಷ್ಯನು ಆವರಣದ ಕೈಗೊಂಬೆಯೇ ಎಂದು ಕೆಲವರು ಕೇಳಬಹುದು. ಅದು ನಮ್ಮ ಅಭಿಪ್ರಾಯವಲ್ಲ. ಬಿಡುವವನು ಕೊನೆಗೂ ವ್ಯಕ್ತಿಯೇ. ಆದರೆ ಬಿಡಲು ತಕ್ಕ ಊರನ್ನು ಕಟ್ಟದೆ, ಬಿಡದವನನ್ನು ದೂಷಿಸುವ ಶಾಸ್ತ್ರ ನ್ಯಾಯವಾದದ್ದಲ್ಲ. ರೋಗ ಬಂದವನಿಗೆ ‘ಇದು ನೀನೇ ತಂದುಕೊಂಡದ್ದು’ ಎಂಬ ಮಾತು ರೋಗಕ್ಕಿಂತಲೂ ಹೆಚ್ಚು ನೋವನ್ನು ಕೊಡುತ್ತದೆ. ಹೊಗೆಸೊಪ್ಪನ್ನು ಎಂದೂ ಮುಟ್ಟದವರಿಗೂ ಕ್ಯಾನ್ಸರ್ ಬರುವುದುಂಟು. ಸಂಶೋಧನೆಯ ಸರಾಸರಿಯನ್ನು ಹಾಸಿಗೆಯ ಮೇಲಿನ ಒಬ್ಬ ರೋಗಿಗೆ ತೀರ್ಪಾಗಿ ಓದುವ ಅಧಿಕಾರ ಯಾರಿಗೂ ಇಲ್ಲ.

ನಮ್ಮ ನಾಡಿಗೆ ಈ ವಿಮರ್ಶೆ ಒಂದು ಕಠಿನವಾದ ಪ್ರಶ್ನೆಯನ್ನು ತಂದು ನಿಲ್ಲಿಸುತ್ತದೆ. ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯೂ, ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುತ್ತವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಭಾರತದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ವೀಳ್ಯವಿಲ್ಲದೆ ನಮ್ಮ ಮದುವೆಯಿಲ್ಲ, ತಾಂಬೂಲವಿಲ್ಲದೆ ಅತಿಥಿಸತ್ಕಾರ ಪೂರ್ಣವಾಗದು. ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳ ಓದು ಅಡಿಕೆಯ ಧಾರಣೆಯನ್ನು ನಂಬಿದೆ. ಹೀಗಿರುವಲ್ಲಿ ಅಗಿಯುವವನ ಮನಸ್ಸಿನ ಹಂತವನ್ನಷ್ಟೇ ಅಳೆದು ತೃಪ್ತಿಪಡುವ ಅಧ್ಯಯನ ತೋಟ, ಮಂಡಿ, ಮರ್ಯಾದೆ ಮೂರನ್ನೂ ಕಾಣದೆ ಹೋಗುತ್ತದೆ. ಗೌರವಸೂಚಕವಾಗಿ ತಾಂಬೂಲವನ್ನು ಕೊಡುವುದಕ್ಕೂ ದಿನವಿಡೀ ಅದನ್ನು ಅಗಿಯುವುದಕ್ಕೂ ಇರುವ ವ್ಯತ್ಯಾಸವನ್ನು ಜನರೇ ಹೇಗೆ ಕಾಣುತ್ತಾರೆ? ಬೆಳೆಗಾರನಿಗೆ ಅನ್ಯಾಯವಾಗದಂತೆ ಬಳಕೆಯನ್ನು ತಗ್ಗಿಸುವ ಮಾರ್ಗ ಯಾವುದು? ಈ ಪ್ರಶ್ನೆಗಳಿಗೆ ಪರದೇಶದ ಪಠ್ಯಗಳಲ್ಲಿ ಉತ್ತರವಿಲ್ಲ.

ಅವುಗಳ ಉತ್ತರ ನಮ್ಮ ಕಾಲೇಜುಗಳ ಸುತ್ತಣ ಹಳ್ಳಿಗಳಲ್ಲಿಯೇ ಸಿಗಬೇಕು. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಕನ್ನಡ ಈ ನಾಲ್ಕು ವಿಭಾಗಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಒಂದೊಂದು ಹೋಬಳಿಯನ್ನು ಆರಿಸಿಕೊಂಡು, ಜನರ ಮಾತಿನಲ್ಲಿಯೇ ಪ್ರಶ್ನೆಗಳನ್ನು ರಚಿಸಿ, ಒಂದು ವರ್ಷದ ಬಳಿಕ ಮತ್ತೆ ಹೋಗಿ ವಿಚಾರಿಸಿದರೂ ಅದು ಬೆಲೆಯುಳ್ಳ ಕೆಲಸವಾದೀತು. ಆ ಕೆಲಸಕ್ಕೆ ಕೈಹಾಕುವವರಿಗೆ ನಮ್ಮದೊಂದು ವಿಜ್ಞಾಪನೆ: ಬಿಟ್ಟವರೆಷ್ಟು ಮಂದಿಯೆಂದು ಎಣಿಸಿದ ಮೇಲೆ, ಬಿಡಲೆತ್ನಿಸಿ ಸೋತವರ ಮನೆಯ ಬಾಗಿಲಿಗೂ ಹೋಗಿ ಕೇಳಿರಿ. ಈ ಶಾಸ್ತ್ರ ಇನ್ನೂ ಕಲಿಯಬೇಕಾದದ್ದರಲ್ಲಿ ಬಹುಪಾಲನ್ನು ಹೇಳಬಲ್ಲವರು ಅವರೇ.